ಮಾತ್ರೆ ಪಕ್ಕದ ಲೋಟ

ಮಾರ್ಚ್ 4, ಬೆಳಿಗ್ಗೆ 4:50

ದಿನ 12. ಅಮ್ಮ ಕುಡಿದಳು, ಮುಖ ಕಿವುಚಿಕೊಂಡು. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಒಂದು ದಿನವೂ ತಪ್ಪಿಲ್ಲ!

ಬಸ್ ಡಿಪೋದ ಚೆಕಪ್‌ನಲ್ಲಿ ಅಮ್ಮನ ಕೊಲೆಸ್ಟ್ರಾಲ್ ಜಾಸ್ತಿ ಬಂದಿತ್ತು. ಅವತ್ತೇ ಬಾಣ ಲೈವ್ ಬಂದದ್ದು. ಮ್ಯಾರಥಾನ್ ಓಟಗಾರ್ತಿ, ಅಭಿಮಾನಿಗಳಿಗೆಲ್ಲ ಬರೀ 'ಬಾಣ', ನನ್ನ ಜೀವ. ಅವಳು ಹೇಳಿದ್ದು: ಎದ್ದ ತಕ್ಷಣ, ಖಾಲಿ ಹೊಟ್ಟೆಗೆ, ಬಿಸಿನೀರಲ್ಲಿ ಒಂದು ಚಮಚ ಅಗಸೆ ಬೀಜದ ಪುಡಿ, ನೂರು ದಿನ... ಅವಳ ಅಭಿಮಾನಿಗಳ ಗ್ರೂಪು 'ಬಾಣದ ಬಳಗ'ದಲ್ಲಿ ಮೊದಲು "ಡನ್" ಅಂತ ಹಾಕಿದ್ದು ನಾನೇ.

ಅಮ್ಮ ಮರೆತ ಹಾಗೆ ನಾಟಕ ಮಾಡುತ್ತಿದ್ದಳು. ಥೈರಾಯ್ಡ್ ಮಾತ್ರೆ ಮಾತ್ರ ಮರೆಯುವುದಿಲ್ಲ — ಆರು ವರ್ಷದಿಂದ, ಕಣ್ಣು ಬಿಟ್ಟ ಕೂಡಲೇ. ಅದಕ್ಕೇ ಐದನೇ ದಿನದಿಂದ ಮಾತ್ರೆಯನ್ನು ಈ ಲೋಟದ ಪಕ್ಕವೇ ಇಡುತ್ತಿದ್ದೇನೆ. ತಪ್ಪಿಸಿಕೊಳ್ಳಲಿ ನೋಡೋಣ.

"ಬರೀ ನೀರಲ್ಲಿ ತಗೋಬೇಕು ಅಂದಿದ್ರು ಕಣೇ ಡಾಕ್ಟ್ರು."

"ಇದೂ ನೀರೇ ಅಮ್ಮ. ಪುಡಿ ಬಿದ್ದಿದೆ ಅಷ್ಟೆ."

"ನೀರಾ ಇದು? ಗೋಂದು! ಬಸ್ಸಿಗೆ ಪೋಸ್ಟರ್ ಅಂಟಿಸಬಹುದು."

ಹದಿನೇಳು ವರ್ಷದಿಂದ ಬಸ್ ಓಡಿಸುತ್ತಾಳೆ. ಎಲ್ಲದಕ್ಕೂ ಬಸ್ಸೇ.

ಮಾರ್ಚ್ 23

ದಿನ 31. ತೂಕ ಎರಡು ಕೆಜಿ ಜಾಸ್ತಿ! ಬಳಗದಲ್ಲಿ ಎಲ್ಲರದ್ದೂ ಇಳಿಯುತ್ತಿದೆ, ನಮ್ಮಮ್ಮನದು ಏರುತ್ತಿದೆ. ನನ್ನ ಮರ್ಯಾದೆ ಏನಾಗಬೇಕು?

ಯೂನಿಫಾರ್ಮ್ ಒಗೆಯಲು ಹಾಕುವಾಗ ಜೇಬಲ್ಲಿ ಬಿಸ್ಕೆಟ್ ಕವರ್. ಸಿಕ್ಕಿಬಿದ್ದಳು.

"ಕಂಡಕ್ಟರ್ ಕೊಟ್ಟಿದ್ದು ಕಣೇ. ಎರಡೇ ಎರಡು."

"ಸುಳ್ಳು!"

"ಪುಡಿ ಶುರುವಾದ್ಮೇಲೆ ಮೈಯೆಲ್ಲಾ ಭಾರ. ಕೈಕಾಲು ನನ್ನವೇ ಅಲ್ಲ ಅನ್ಸುತ್ತೆ."

"ನೆಪ ಹೇಳ್ಬೇಡ!" ಅಂತ ಬಾಗಿಲು ಧಡಾರನೆ ಹಾಕಿಕೊಂಡೆ. ಗ್ರೂಪಲ್ಲಿ ಕೇಳಿದೆ. ಅಡ್ಮಿನ್: "ಟಾಕ್ಸಿನ್ ಹೊರಗೆ ಹೋಗ್ತಿದೆ ಸಿಸ್. ನಿಲ್ಲಿಸ್ಬೇಡಿ." ಮೂರು ಬೆಂಕಿ ಇಮೋಜಿ.

ನೋಡಿದ್ಯಾ ಅಮ್ಮ? ನಾಳೆಯಿಂದ ಎರಡು ಚಮಚ.

ಏಪ್ರಿಲ್ 9, ಮಧ್ಯಾಹ್ನ

ಎರಡಕ್ಕೆ ಬರುವವಳು ಹನ್ನೊಂದಕ್ಕೇ ಬಂದಳು. ಶೂ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕೂತಳು.

"ಕಣ್ಣು ಮುಚ್ಚಿದ್ದೇ ಗೊತ್ತಾಗ್ಲಿಲ್ಲ ಕಣೇ."

ಬಸ್ ಸ್ಟಾಪಿನ ಕಂಬಕ್ಕೆ ತಾಗಿ ಎಡಗಡೆ ಕನ್ನಡಿ ಚೂರು. ಕಂಬದ ಪಕ್ಕ ಚೀಲ ಹಿಡಿದು ಒಬ್ಬರು ಅಜ್ಜಿ ನಿಂತಿದ್ದರಂತೆ. ಒಂದು ಗೇಣು. ಒಂದೇ ಗೇಣು. ಯಾರಿಗೂ ಏನೂ ಆಗಲಿಲ್ಲ. ಹದಿನೇಳು ವರ್ಷದಲ್ಲಿ ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಡಾಕ್ಟರ್ ಸರ್ಟಿಫಿಕೇಟ್ ಕೊಡುವ ತನಕ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ.

ಆಗ ನಾನು ಕೇಳಿದ ಮೊದಲ ಮಾತು — "ಬೆಳಿಗ್ಗೆ ಅಗಸೆ ಪೂರ್ತಿ ಕುಡಿದ್ಯಾ?"

"ಕುಡಿದೆ ತಾಯೀ. ತಳದಲ್ಲಿ ಇದ್ದಿದ್ದನ್ನೂ ಬೆರಳಲ್ಲಿ ಬಳಿದು ತಿಂದೆ."

ಏಪ್ರಿಲ್ 12

ರಕ್ತದ ರಿಪೋರ್ಟ್ ಬಂತು. ಥೈರಾಯ್ಡ್ ನಂಬರ್ ಎಲ್ಲಿಗೋ ಹೋಗಿದೆ.

"ಮಾತ್ರೆ ಬಿಟ್ಟಿದ್ರಾ?" ಅಂದರು ಡಾಕ್ಟರ್.

"ಒಂದು ದಿನಾನೂ ಇಲ್ಲ."

"ಯಾವುದರ ಜೊತೆ ತಗೊಳ್ತೀರಿ?"

ಅಮ್ಮ ನನ್ನ ಕಡೆ ನೋಡಿದಳು. ನಾನೇ ಹೇಳಿದೆ.

"ಅಗಸೆ ಒಳ್ಳೇದೇ ಕಣಮ್ಮ. ಪುಡಿ ಮಾಡಿ, ಒಂದು ಚಮಚ, ಮಧ್ಯಾಹ್ನ ಊಟದ ಮೇಲೆ ಉದುರಿಸಿ ಕೊಡು. ನೀರು ಚೆನ್ನಾಗಿ ಕುಡೀಲಿ. ಮಾತ್ರೆ ಜೊತೆ ಬೇಡ. ಆ ಲೋಳೆ ಇದೆಯಲ್ಲ, ಮಾತ್ರೆ ಮೈಗೆ ಹತ್ತೋಕೆ ಬಿಡಲ್ಲ. ಅದಕ್ಕೇ ಈ ತೂಕ, ಮೈಭಾರ, ನಿದ್ದೆ."

ಆರು ವಾರ ಬಿಟ್ಟು ಮತ್ತೆ ಟೆಸ್ಟ್. ಅಲ್ಲಿವರೆಗೆ ಅಮ್ಮನಿಗೆ ಡಿಪೋದಲ್ಲಿ ಪಾಸ್ ಕೊಡುವ ಕೌಂಟರಿನ ಕೆಲಸ.

ಬರುವಾಗ ಬಸ್ಸಲ್ಲಿ ಸೀಟ್ ಖಾಲಿ ಇತ್ತು. ಅಮ್ಮ ಕೂರಲಿಲ್ಲ. ಡ್ರೈವರ್ ಹಿಂದೆ ಕಂಬಿ ಹಿಡಿದು ನಿಂತು, ದಾರಿಯುದ್ದಕ್ಕೂ ಅವರ ಕಾಲನ್ನೇ ನೋಡುತ್ತಿದ್ದಳು. ಕ್ಲಚ್. ಬ್ರೇಕ್.

ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ಅದಕ್ಕೂ ಕೋಪ ಬರುತ್ತಿದೆ. ಬಿಸ್ಕೆಟ್ ಕವರ್ ಅಂತೆ! ಥೂ ನನ್ನ ಜನ್ಮಕ್ಕೆ.

ಏಪ್ರಿಲ್ 13, ಬೆಳಿಗ್ಗೆ 6:10

ಬಾಣ ನನ್ನ ಫೋಟೋ ಶೇರ್ ಮಾಡಿದ್ದಾಳೆ. ಹನ್ನೆರಡನೇ ದಿನದ್ದು. ಅಮ್ಮನ ಕೈ, ಲೋಟ, ಪಕ್ಕದಲ್ಲಿ ಮಾತ್ರೆ, ಹೆಸರು ಕಾಣುವ ಹಾಗೆ ಅದರ ಡಬ್ಬಿ. "ಈ ಅಮ್ಮನ ಶಿಸ್ತು ನೋಡಿ!" ಎರಡು ಲಕ್ಷ ಲೈಕ್.

ತಿಂಗಳ ಹಿಂದೆ ಆಗಿದ್ದರೆ ಮನೆಯೆಲ್ಲಾ ಕುಣಿಯುತ್ತಿದ್ದೆ.

ಕೆಳಗೆ ಒಬ್ಬಳ ಕಾಮೆಂಟ್: "ಥೈರಾಯ್ಡ್ ಮಾತ್ರೆ ಜೊತೆಗೇನಾ? ಸೂಪರ್ ಐಡಿಯಾ! ನಮ್ಮಮ್ಮಂಗೂ ಶುರು."

ತಪ್ಪು, ಹೀಗೆ ಕೊಡಬೇಡಿ ಅಂತ ಹಾಕಿದೆ. ಡಿಲೀಟ್. ಮತ್ತೆ ಹಾಕಿದೆ. ಡಿಲೀಟ್. ಗ್ರೂಪಿಗೆ ರಿಪೋರ್ಟಿನ ಫೋಟೋನೇ ಹಾಕಿದೆ. ಅಡ್ಮಿನ್: "ನೆಗೆಟಿವಿಟಿ ಬೇಡ ಸಿಸ್." ನನ್ನನ್ನು ಗ್ರೂಪಿಂದಲೇ ಕಿತ್ತು ಹಾಕಿದ. ಬೆಂಕಿ ಇಮೋಜಿ ಹಾಕಿದವನೇ, ನಿನ್ನ ಅಮ್ಮ ಬಸ್ ಓಡಿಸುತ್ತಾಳಾ? ಬಾಣಳಿಗೇ ಮೆಸೇಜ್ ಮಾಡಿದೆ. ನೋಡೇ ಇಲ್ಲ. ನೋಡುವುದೂ ಇಲ್ಲ.

ಆ ಹುಡುಗಿಗೇ ನೇರವಾಗಿ ಕಳಿಸಿದೆ — ಅರ್ಜೆಂಟ್, ನಂಬರ್ ಕೊಡು. ಕೊಟ್ಟಳು. ಜೊತೆಗೆ: "ಲೋಟ ರೆಡಿ ಅಕ್ಕ! ಅಮ್ಮ ಈಗ ಏಳ್ತಾರೆ."

ರಿಂಗ್ ಆಗುತ್ತಿದೆ. ಸ್ಪೀಕರಲ್ಲಿ ಇಟ್ಟು ಬರೆಯುತ್ತಿದ್ದೇನೆ, ಬರೆಯದೆ ಕೂರಲು ಆಗುತ್ತಿಲ್ಲ. ಎತ್ತೇ. ಎತ್ತು.

ಅಮ್ಮ ಯೂನಿಫಾರ್ಮ್ ಗುಂಡಿ ಹಾಕಿಕೊಳ್ಳುತ್ತಾ ಬಂದು ನಿಂತಳು. ಮೆಸೇಜುಗಳನ್ನೆಲ್ಲಾ ನಾನು ಜೋರಾಗಿ ಓದಿ ಬೈಯುತ್ತಿದ್ದದ್ದನ್ನು ಎಷ್ಟು ಹೊತ್ತಿಂದ ಕೇಳಿಸಿಕೊಂಡಳೋ.

"ಕೊಡಿಲ್ಲಿ. ನಿಂಗೆ ಬರೀ ಕಿರಚೋಕೆ ಬರುತ್ತೆ."

ಆ ಹುಡುಗಿ ಎತ್ತಿದಳು!

"ಹಲೋ... ಆ ಫೋಟೋದಲ್ಲಿರೋ ಕೈ ನಂದೇ ಕಣಮ್ಮ. ಮೊದಲು ಆ ಲೋಟ —"