ವರ್ನಾಳ ಕೋಳಿಗೂಡಿನ ಬಾಗಿಲು

ಮಾರ್ಚ್ 4
ಮೆಟ್ಟಿಲ ಮೇಲಿನ ಹಿಮ ಕೆರೆದೆ. ಶೆಡ್ಡಿಗೆ ಹೋಗಿ ಒಲೆ ಹೊತ್ತಿಸಿದೆ. ಕ್ಯಾನ್ವಾಸ್ ಮುಂದೆ ಕೂತೆ. ಹೊರಗೂ ಬಿಳಿ, ಒಳಗೂ ಬಿಳಿ. ಕಾಫಿ ಮುಗಿಸಿ ಎದ್ದು ಬಂದೆ.
"ಏನು ಬರೆದೆ?" ಮಾರ್ಲಿಸ್ ಕೇಳಿದಳು.
"ಯೋಚನೆ ಮಾಡಿದೆ."
"ನವೆಂಬರ್‌ನಿಂದ ಅದನ್ನೇ ಮಾಡ್ತಿದ್ದೀಯ, ಅರ್ವಿಡ್. ಯೋಚನೆಗೆ ಯಾರಾದ್ರೂ ಫ್ರೇಮ್ ಹಾಕಿಸ್ತಾರಾ?"
ಹೆಂಡತಿ ಅಲ್ಲ ಇವಳು, ವಿಮರ್ಶಕಿ.

ಮಾರ್ಚ್ 11
ಡುಲುತ್ ನಗರದ ಗ್ಯಾಲರಿಯಿಂದ ಸೆಲೆಸ್ಟ್‌ಳ ಫೋನ್. ಮೇ ಕೊನೆಗೆ ನನ್ನ ಪ್ರದರ್ಶನ.
"ಚಿತ್ರಗಳು ಎಲ್ಲಿಗೆ ಬಂದ್ವು?"
"ಒಣಗ್ತಾ ಇವೆ" ಅಂದೆ.
ಒಣಗುತ್ತಿರುವುದು ನಾನು.

ಮಾರ್ಚ್ 29
ಸೂರಿನಿಂದ ನೀರು ತೊಟ್ಟಿಕ್ಕುತ್ತಿದೆ. ಅಂಗಳವೆಲ್ಲ ಕೆಸರು. ಊಟದ ಹೊತ್ತಿಗೆ ಹೇಳಿಯೇ ಬಿಟ್ಟೆ — ಸಾಕು, ಕುಂಚ ಮೂಟೆ ಕಟ್ಟುತ್ತೇನೆ, ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಆಳು ಬೇಕಂತೆ.
ಮಾರ್ಲಿಸ್ ತಮಾಷೆ ಮಾಡಲಿಲ್ಲ. ತಟ್ಟೆ ತೊಳೆಯಲು ಎದ್ದುಹೋದಳು.
ಭಯವಾಯಿತು.

ಏಪ್ರಿಲ್ 9
ಪಕ್ಕದ ಮನೆಯ ವರ್ನಾ ಬೂಟಿನ ತುಂಬ ಕೆಸರು ಹೊತ್ತು ಬಂದಳು. ಎಂಬತ್ತು ದಾಟಿದೆ, ದನಿ ಮಾತ್ರ ಇಪ್ಪತ್ತರದ್ದು.
"ಕೋಳಿಗೂಡಿಗೆ ಹೊಸ ಬಾಗಿಲು ಹಾಕ್ಸಿದೀನಿ ಕಣೋ. ಕೆಂಪು ಬಳಿದುಕೊಡು. ಕಲೆ ಗಿಲೆ ಬೇಡ. ಬರೀ ಕೆಂಪು!"
ಹೋದೆ. ಬೆನ್ನಿಗೆ ಬಿಸಿಲು. ಕೋಟು ತೆಗೆದು ಬೇಲಿಗೆ ನೇತುಹಾಕಿದೆ — ಎಷ್ಟೋ ತಿಂಗಳಾಯಿತು ಹಾಗೆ ಮಾಡಿ. ಒದ್ದೆ ಮಣ್ಣಿನ ವಾಸನೆ. ಕೆಂಪು ಬಳಿದು ಮುಗಿಯಿತು, ಕೈ ನಿಲ್ಲಲಿಲ್ಲ. ಓಡಿಹೋಗಿ ನನ್ನ ಬಣ್ಣ ತಂದೆ. ಮೂಲೆಯಲ್ಲೊಂದು ಕಿವಿ. ಆಮೇಲೆ ಮೂತಿ. ಕಣ್ಣು ಬರೆಯುವವರೆಗೂ ಅದು ನರಿ ಎಂದು ನನಗೇ ಗೊತ್ತಿರಲಿಲ್ಲ.
ಮನೆಗೆ ಬಂದಾಗ ಗದ್ದಕ್ಕೆಲ್ಲ ಬಣ್ಣ. ಮಾರ್ಲಿಸ್ ನೋಡಿದಳು. ಕೇಳದೆಯೇ ಎರಡನೇ ಸಲ ಬಡಿಸಿದಳು.

ಏಪ್ರಿಲ್ 10
ಬೆಳಿಗ್ಗೆಯೇ ವರ್ನಾಳ ಫೋನ್.
"ರಾತ್ರಿಯೆಲ್ಲ ಕೋಳಿಗಳು ನನ್ನ ಅಡುಗೆಮನೇಲಿ! ಒಂದೂ ಗೂಡಿನ ಹತ್ರ ಸುಳೀತಿಲ್ಲ. ಬಾಗಿಲ ಮೇಲೆ ಏನೋ ಅದು?"
"ನರಿ."
"ಕೋಳಿಗೂಡಿಗೆ ನರೀನಾ?"
"ಅದಾಗಿಯೇ ಬಂತು…"
"ಬಂದ ಹಾಗೇ ಕಳಿಸು!"
ನಾಚಿಕೆಯಾಯಿತು. ಒಂದು ನಿಮಿಷ. ಮಾರ್ಲಿಸ್‌ಗೆ ಹೇಳಿದೆ. ನಕ್ಕಳು, ನಗುತ್ತ ನೆಲದ ಮೇಲೇ ಕೂತುಬಿಟ್ಟಳು. "ಅರ್ವಿಡ್, ಕೋಳಿಗಳು ನಂಬಿವೆ! ಕೋಳಿಗಳು!"
ಈ ನಗು ಕೇಳಿ ಎಷ್ಟು ಕಾಲವಾಗಿತ್ತು.
ನರಿಯ ಬಾಗಿಲು ಕಳಚಿ ಟ್ರಕ್ಕಿನಲ್ಲಿ ಮನೆಗೆ ತಂದೆ. ವರ್ನಾಳಿಗೆ ಬೇರೆ ಬಾಗಿಲು. ಬರೀ ಕೆಂಪು. ಬಣ್ಣ ಬಳಿದು ಮುಗಿಯುವವರೆಗೂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಏಪ್ರಿಲ್ 21
ಕ್ಯಾನ್ವಾಸ್ ಬಿಟ್ಟೆ. ಹಳೇ ಹಲಗೆ, ಮುರಿದ ಕಿಟಕಿ, ಸಿಕ್ಕಿದ್ದರ ಮೇಲೆಲ್ಲ ಬರೆಯುತ್ತಿದ್ದೇನೆ. ಕೆಸರು. ಬರ್ಚ್ ಮರಗಳು. ಅಡುಗೆಮನೆಯಲ್ಲಿ ಕೋಳಿಗಳನ್ನು ಗದರುವ ವರ್ನಾ. ಸೆಲೆಸ್ಟ್ ಕೇಳಿದಳು, "ಒಣಗಿದ್ವಾ?" "ಇಲ್ಲ, ಇನ್ನೂ ಹಸಿ" ಅಂದೆ. ಈ ಸಲ ನಿಜ ಹೇಳಿದೆ. ಮಾರ್ಲಿಸ್‌ಗೆ ಹೊಸ ತಲೆನೋವು: "ಊಟದ ಮೇಜು ಮುಟ್ಟಿದ್ರೆ ನೋಡು!"

ಮೇ 3
ಬೆಳಗಿನ ಜಾವ ಮನೆಯೆದುರಿನ ಕೆರೆಯ ಮೇಲಿನ ಮಂಜುಗಡ್ಡೆ ಒಡೆಯಿತು. ಗಾಜಿನ ಅಂಗಡಿ ಉರುಳಿದಂಥ ಸದ್ದು. ಮಾರ್ಲಿಸ್ ರಾತ್ರಿಯುಡುಪಿನಲ್ಲೇ, ನನ್ನ ಬೂಟು ಮೆಟ್ಟಿಕೊಂಡು ದಡಕ್ಕೆ ಓಡಿದಳು. ತಲೆಗೂದಲೆಲ್ಲ ಗಾಳಿಗೆ.
"ಅಲ್ಲೇ ನಿಲ್ಲು!" ಅಂದೆ.
"ಹೀಗೇನಾ? ಇನ್ನೂ ಹಲ್ಲೂ ಉಜ್ಜಿಲ್ಲ!"
"ಹೀಗೇ."
ಮದುವೆಯಾದಾಗಿನಿಂದ ಅವಳನ್ನು ಬರೆದೇ ಇಲ್ಲ. ಯಾಕೋ ಗೊತ್ತಿಲ್ಲ. ಬಣ್ಣ ತರಲು ಒಳಗೆ ಬಂದವನು ಇದನ್ನು ಗೀಚುತ್ತ ನಿಂತಿದ್ದೇನೆ… ಕೂಗುತ್ತಿದ್ದಾಳೆ:
"ಅರ್ವಿಡ್! ಬರ್ತೀಯೋ, ಇಲ್ಲ ನನ್ನ ಚಿತ್ರ ನಾನೇ ಬರ್ಕೊಳ್ಳಲೋ?"
ಬಂದೆ, ಬಂ—