ಬಿಸಿಲನ್ನು ಶೌಚಾಲಯಕ್ಕೆ ಕೊಟ್ಟ ನಕ್ಷೆ

ವಸತಿ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಾನು ಸ್ಪಾಲ್ಝೆಸ್ ಆಂಗ್ಮೊ, ಶಗರನ್ ಮನೆಯ ಹಿರಿಯಳು. ಲೇಹ್‌ನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದೇನೆ. ನಮ್ಮ ಹಳ್ಳಿಯಲ್ಲಿ ಕಾಲುವೆ ನೀರಿನ ಸರದಿಗೆ ಜಗಳವಾದರೆ ಜನ ಮೊದಲು ಬರುವುದು ನನ್ನ ಬಾಗಿಲಿಗೆ. ಅಂಥವಳು ನಾಲ್ಕು ವರ್ಷಗಳಿಂದ ತಮ್ಮ ‘ಹಸಿರು ಮನೆ’ ಯೋಜನೆಯಲ್ಲಿ ಕಟ್ಟಿದ ಮನೆಯಲ್ಲಿ ಸೆರೆಯಾಗಿದ್ದೇನೆ. ಈ ಕುರಿತು ಬರೆದ ಮೂರು ಅರ್ಜಿಗಳು ತಮ್ಮ ಕಚೇರಿಯಲ್ಲಿ ಬೆಚ್ಚಗೆ ಮಲಗಿರುವುದರಿಂದ ನಾಲ್ಕನೆಯದನ್ನು ಎಲ್ಲರೆದುರು ಬರೆಯುತ್ತಿದ್ದೇನೆ.

ಮನೆಯ ಗೋಡೆಗಳು ಸಿಮೆಂಟ್ ಇಟ್ಟಿಗೆಯವು, ಒಂದು ಗೇಣು ದಪ್ಪ. ರಸ್ತೆ ಉತ್ತರಕ್ಕಿದೆಯೆಂದು ಬಾಗಿಲು ಕಿಟಕಿಗಳೆಲ್ಲ ಉತ್ತರಕ್ಕೆ. ದಕ್ಷಿಣಕ್ಕೆ ಉಗ್ರಾಣ, ಶೌಚಾಲಯ. ಚಳಿಗಾಲದಲ್ಲಿ ನಮಗೆ ಬಿಸಿಲಿಗಿಂತ ದೊಡ್ಡ ಸೌದೆಯಿಲ್ಲ. ಅದನ್ನು ತಾವು ಶೌಚಾಲಯಕ್ಕೆ ಕೊಟ್ಟಿರಿ. ಅಲ್ಲಿನ ಕೊಳವೆಗಳು ನವೆಂಬರ್‌ನಲ್ಲೇ ಹೆಪ್ಪುಗಟ್ಟುವುದರಿಂದ ಏಪ್ರಿಲ್‌ವರೆಗೆ ಒಳಗೆ ಹೋಗಿ ಆ ಬಿಸಿಲು ಕಾಯಿಸುವವರೂ ಇಲ್ಲ. ಗೋಡೆಯ ಮೇಲೆ ‘ಹೊಗೆಯಿಲ್ಲದ ನಾಳೆ’ ಎಂಬ ಫಲಕ. ಅದರ ಕೆಳಗೆ ದಿನವಿಡೀ ಉರಿಯುವ ಕಲ್ಲಿದ್ದಲ ಒಲೆ. ನಮ್ಮ ಹಳೆಯ ಮನೆಗೆ ಮೊಳದಗಲದ ಮಣ್ಣಿನ ಗೋಡೆ, ದಕ್ಷಿಣಕ್ಕೆ ಕಿಟಕಿ, ಕೆಳಗೆ ದನಗಳ ಬಿಸುಪು. ಸಂಜೆಗೊಂದು ಬುಟ್ಟಿ ಬೆರಣಿ ಸಾಕಾಗುತ್ತಿತ್ತು. ಅದನ್ನು ಕೆಡವಬೇಕೆಂಬುದು ತಮ್ಮ ಮೊದಲ ಷರತ್ತು. ಹೊಸದನ್ನು ಐದು ವರ್ಷ ಮುಟ್ಟಬಾರದು, ಮುಟ್ಟಿದರೆ ಮಂಜೂರಾತಿ ರದ್ದು ಎಂಬುದು ಎರಡನೆಯದು. ಹಿಂದಕ್ಕೆ ಹೋಗಲು ಮನೆಯಿಲ್ಲ, ಇರುವ ಮನೆಯಲ್ಲಿ ಉಸಿರಿಲ್ಲ. ಸೆರೆಮನೆ ಕಟ್ಟುವವರು ಇದಕ್ಕಿಂತ ಹೆಚ್ಚು ಯೋಚಿಸುತ್ತಾರೆಯೆ?

ತಪ್ಪು ನನ್ನದೂ ಇದೆ. ಮನೆ ಕಟ್ಟುವ ಮುನ್ನ ನಮ್ಮವರು ಒಂದು ಚಳಿಗಾಲ ಕಾದು, ಹಿಮ ಮೊದಲು ಎಲ್ಲಿ ಕರಗುತ್ತದೆಂದು ನೋಡಿ ಅಲ್ಲಿ ಬುನಾದಿ ಹಾಕುತ್ತಾರೆ. ತಮ್ಮ ಎಂಜಿನಿಯರರು ಬಂದದ್ದು ಜುಲೈನಲ್ಲಿ. ಹಳ್ಳಿಗೆಲ್ಲ ಮೊದಲ ಮನೆ ನಮ್ಮದೆಂಬ ಹೆಮ್ಮೆಯಲ್ಲಿ ನಾನು ಸಹಿ ಹಾಕಿದೆ.

ಅವರು ಪ್ರತಿ ಜುಲೈನಲ್ಲೂ ಪರಿಶೀಲನೆಗೆ ಬರುತ್ತಾರೆ. “ತಂಪಾಗಿದೆಯಲ್ಲ ಅಬಿ-ಲೇ, ಇನ್ನೇನು ಬೇಕು?” ಎಂದರು ಈ ಸಲ. ಅಜ್ಜಿ ಎಂದು ಕರೆದ ಸಲುಗೆಗೆ, ಜನವರಿಯಲ್ಲಿ ಒಮ್ಮೆ ಬಂದು ನೋಡಪ್ಪ ಎಂದೆ.

“ಜನವರೀಲಾ? ಅಷ್ಟು ಚಳೀಲಿ ಇಲ್ಲಿಗೆ ಯಾರು ಬರ್ತಾರೆ?”

ನನ್ನ ಮೊಮ್ಮಗಳು ಕುಂಝೆಸ್ ಹುಟ್ಟಿದ್ದು ಕಳೆದ ಜನವರಿಯಲ್ಲಿ. ಮೂರು ವಾರದ ಕೂಸಿಗೆ ಕೆಮ್ಮು ಹತ್ತಿತು. ಇದೇ ಹೊಗೆಯಲ್ಲಿ ಇನ್ನೊಂದು ಚಳಿಗಾಲ ಇಟ್ಟರೆ ಈ ಎದೆ ತಡೆಯದು ಎಂದರು ಆರೋಗ್ಯ ಕೇಂದ್ರದ ನರ್ಸಮ್ಮ. ಒಲೆ ಆರಿಸಿದ ದಿನ ಮಗುವಿನ ಬೆರಳುಗಳು ನೀಲಿಯಾದವು. “ಹೊಗೇನಾ ಚಳೀನಾ ಅಮಾ-ಲೇ? ನೀವೇ ಹೇಳಿ,” ಎಂದಳು ಸೊಸೆ ದೆಚೆನ್. ಊರಿಗೆಲ್ಲ ತೀರ್ಪು ಹೇಳುವ ನಾನು ಅವತ್ತು ಮತ್ತೆ ಅದೇ ಒಲೆ ಹೊತ್ತಿಸಿದೆ. ಅವಳ ಪ್ರಶ್ನೆಗೆ ತಮ್ಮ ನಿಯಮಪುಸ್ತಕದಲ್ಲಿ ಉತ್ತರವಿದ್ದರೆ ದಯವಿಟ್ಟು ಪುಟದ ಸಂಖ್ಯೆ ತಿಳಿಸಿ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಮನೆಗಳ ನಕ್ಷೆಯನ್ನು ರಸ್ತೆಯ ಕಡೆಗಲ್ಲ, ಸೂರ್ಯನ ಕಡೆಗೆ ತಿರುಗಿಸಿ. ಮುಟ್ಟಬಾರದೆಂಬ ಷರತ್ತನ್ನು ತೆಗೆದುಹಾಕಿ. ಇದು ನಮ್ಮ ಸಾಲಿನ ಹನ್ನೊಂದು ಮನೆಗಳ ಪರವಾಗಿ. ನನ್ನ ಮನೆಯ ಮಟ್ಟಿಗೆ ತಮಗೆ ಕೆಲಸ ಉಳಿದಿಲ್ಲ.

ಕಳೆದ ತಿಂಗಳು ನಮ್ಮ ಫಾಸ್ಪುನ್ ಮನೆಗಳವರಿಗೆಲ್ಲ ಹೇಳಿಕಳಿಸಿದೆ. ಒಂದೇ ದೇವರಿಗೆ ನಡೆದುಕೊಳ್ಳುವ ಈ ಏಳು ಮನೆಗಳವರು ಹುಟ್ಟಿಗೆ, ಮದುವೆಗೆ, ಸಾವಿಗೆ ಕೈಜೋಡಿಸುವವರು. ಅವರಲ್ಲಿ ಮೊದಲು ಓಡಿ ಬಂದ ತುಂಡುಪ್ “ಯಾರು ಹೋದ್ರು ಅಬಿ-ಲೇ?” ಎಂದ. “ಗೋಡೆ. ಹಾರೆ ತಗೊಂಡು ಬಾ,” ಎಂದೆ.

ಕಂಬಗಳನ್ನು ಮುಟ್ಟದೆ ದಕ್ಷಿಣದ ಗೋಡೆಯನ್ನಷ್ಟೇ ಕೆಡವಿದೆವು. ಶೌಚಾಲಯ ಹೋಯಿತು, ಅಂಗಳದಾಚೆ ನಮ್ಮ ಹಳೆಯ ಪದ್ಧತಿಯ ಒಣ ಪಾಯಖಾನೆ ಬಂತು. ಕೆಡವಿದ ಕಡೆ ಉದ್ದಕ್ಕೂ ಗಾಜು ಹಾಕಿದೆವು. ಉಳಿದ ಮೂರು ಕಡೆ ಹೊರಗಿನಿಂದ ಮಣ್ಣಿನ ಇಟ್ಟಿಗೆಯ ಗೋಡೆ ಎಬ್ಬಿಸಿ, ನಡುವೆ ಒಣಹುಲ್ಲು ತುಂಬಿದೆವು. ಇವತ್ತು ಹೊರಗೆ ನೀರು ಕಲ್ಲಾಗಿದೆ. ಒಳಗೆ ಮಧ್ಯಾಹ್ನದವರೆಗೆ ಒಲೆ ಹೊತ್ತಿಸಿಲ್ಲ. ಮಗು ಇನ್ನೂ ಕೆಮ್ಮುತ್ತದೆ, ಆದರೆ ನಿದ್ದೆ ಮಾಡುತ್ತದೆ. ಮಂಜೂರಾತಿ ರದ್ದು ಮಾಡುವುದಾದರೆ ನೋಟಿಸಿನಲ್ಲಿ ಮಗ ಸೊಸೆಯರ ಹೆಸರು ಬೇಡ. ಹಾರೆಯ ಮೊದಲ ಏಟು ನನ್ನದು.

ಇಂತಿ,
ಬಿಸಿಲು ಯಾವ ಕಡೆಯೆಂದು ನೋಡದೆ ಸಹಿ ಹಾಕಿದವಳು,
ಸ್ಪಾಲ್ಝೆಸ್ ಆಂಗ್ಮೊ