ಬಾನ್ ಟಾನ್ ಮಂದಿಯ ನಗು

೧೪ ಜೂನ್, ಭಾನುವಾರ

ಪ್ರೀತಿಯ ಗುಬ್ಬಿ,

ನಾನು ಚೆನ್ನಾಗಿದ್ದೇನೆ. ನೀನೂ ನಿನ್ನ ಯಜಮಾನರೂ ಸುಖವಾಗಿರಬೇಕು. ನಿನ್ನ ಕಾಗದ ಬಂದು ವಾರ ಕಳೆಯಿತು. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಪಾರ್ಲರಿನಲ್ಲಿ ಎರಡನೆಯ ಕುರ್ಚಿ ಹಾಕಿಸಿದ್ದೇನೆ. ನಲ್ಲಿ ಮಾತ್ರ ಇನ್ನೂ ಸೋರುತ್ತಿದೆ.

ಶನಿವಾರದ ಕೂಟಕ್ಕೆ ಬಂದು ತುರುಬು ಕಟ್ಟಿಕೊಡು ಎಂದು ನೀನು ಬರೆದಿದ್ದೀಯ. ಮೊದಲ ಸಲ ಆ ಕೂಟದ ಹೆಂಗಸರ ನಡುವೆ ಹೋದಾಗಲೂ ನಿನಗೆ ಕಟ್ಟಿದವಳು ನಾನೇ ತಾನೆ? "ಅವರದ್ದೆಲ್ಲ ಬಾನ್ ಟಾನ್, ಅಕ್ಕಾ! ಫ್ರೆಂಚ್ ಮಾತು. ದೊಡ್ಡ ಮಂದಿಯ ಒಡನಾಟ, ಅವರ ನಯ ನಾಜೂಕು, ಎಲ್ಲಾ ಅದರಲ್ಲೇ ಬಂತು" ಎಂದು ನನಗೆ ಪಾಠ ಹೇಳಿದ್ದೆ. ನನ್ನ ಬಾಯಲ್ಲಿ ಅದು ಹರಕು ಕೌದಿಯ "ಬೊಂತೆ" ಆಗಿ, ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಮೊನ್ನೆ ವಕೀಲರ ಹೆಂಡತಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದಿದ್ದರು. ಅವರೂ ನಿಮ್ಮ ಕೂಟದವರೇ; ನಾವು ಅಕ್ಕತಂಗಿಯರೆಂದು ಅವರಿಗೆ ಗೊತ್ತಿಲ್ಲ. "ನಮ್ಮಲ್ಲೊಬ್ಬರು ಏನು ಚೆಂದ ಕಥೆ ಹೇಳ್ತಾರೆ ಅಂತೀರಿ! ಅವರ ಮನೆಗೆ ಕೂದಲು ಕತ್ತರಿಸೋಕೆ ಬರೋಳನ್ನ ಗಂಡ ಬಿಟ್ಟು ಓಡಿಹೋದನಂತೆ. ಇವಳು ದಿನಾ ಬೆಳಿಗ್ಗೆ ಅವನ ಶೇವಿಂಗ್ ಸೋಪು ಕಲಸಿ, ಕನ್ನಡಿ ಮುಂದೆ ಇಟ್ಟು ಕಾಯೋಳಂತೆ!" ಎಂದರು.

ನನ್ನ ಕೈ ನಿಂತಿತು. "ಆಮೇಲೆ?" ಎಂದೆ.

"ಆಮೇಲೇನು, ನೊರೆ ಆರಿದ್ರೆ ಮತ್ತೆ ಕಲಸೋದು!" ಎಂದು ತಲೆ ಅಲ್ಲಾಡಿಸಿ ನಕ್ಕರು. ಬಣ್ಣ ಕಿವಿಯ ಮೇಲೆ ಇಳಿಯಿತು. ಒರೆಸಿದೆ. ಆ ಹೆಂಗಸು ನಾನೇ ಎಂಬ ಮಾತು ಗಂಟಲವರೆಗೆ ಬಂತು. ನಿನ್ನ ಮಾನ ಹೋದೀತೆಂದು ನುಂಗಿಕೊಂಡೆ.

ಸೋಪಿನ ವಿಷಯ ನಿನಗೊಬ್ಬಳಿಗೇ ಹೇಳಿದ್ದು, ಗುಬ್ಬಿ. ಅಮ್ಮನಿಗೂ ಹೇಳಿರಲಿಲ್ಲ. ನನ್ನನ್ನು ಕೆಲಸದವಳನ್ನಾಗಿ ಮಾಡಿದ್ದನ್ನಾದರೂ ಹೊಟ್ಟೆಗೆ ಹಾಕಿಕೊಂಡೇನು, ಊರಿಗೆಲ್ಲ ನಾನು ಕೆಲಸದವಳೇ ಅಲ್ಲವೇ? ಆದರೆ ನನ್ನ ಸಂಕಟವನ್ನು ಕಾಫಿಯ ಜೊತೆಗೆ ಹಂಚಿಬಿಟ್ಟೆಯಲ್ಲೇ!

ಶನಿವಾರ ನಾನು ಬರುವುದಿಲ್ಲ. ಬೇರೆ ಯಾರನ್ನಾದರೂ ನೋಡಿಕೋ. ಬಲಗಡೆ ನಿನ್ನ ಕೂದಲು ತೆಳು; ಒತ್ತಿ ಬಾಚಬೇಡಿ ಎಂದು ಅವರಿಗೆ ಮೊದಲೇ ಹೇಳು.

ನಿನ್ನ ಸಂಸಾರ ತಣ್ಣಗಿರಲಿ. ನನಗೆ ಬಂದದ್ದು ನಿನ್ನ ಬಾಗಿಲಿಗೆ ಬಾರದಿರಲಿ.

ನಿನ್ನ
ಅಕ್ಕ

ತಾ. ಕ.: ಇದನ್ನು ಬರೆಯಬಾರದೆಂದೇ ಇದ್ದೆ. ಹೊರಡುವಾಗ ವಕೀಲರ ಹೆಂಡತಿ, "ಕಥೆ ಕೊನೇಲಿ ಅವರು ಅತ್ತೂ ತೋರಿಸ್ತಾರೆ. ಅವಳ ಕೈ ಹಿಡ್ಕೊಂಡು ತಾವು ಹೇಗೆ ಅತ್ತಿದ್ರು ಅಂತ. ಅದೇ ಭಾರೀ ಮಜಾ" ಎಂದರು. ಸೋಪಿನ ವಿಷಯ ಹೇಳಿದ ದಿನ ನೀನು ಅತ್ತದ್ದನ್ನು ನೆನೆದೇ ನಾನು ಮರುದಿನ ಎದ್ದು ಪಾರ್ಲರಿನ ಬಾಗಿಲು ತೆಗೆದದ್ದು. ನನಗಾಗಿ ಅಳುವವಳು ಒಬ್ಬಳಿದ್ದಾಳೆ ಎಂದುಕೊಂಡೇ ಇಷ್ಟು ವರ್ಷ ಬದುಕಿದೆ. ಆಗಲೂ ನಿನಗೆ ಒಳಗೊಳಗೇ ನಗು ಬಂದಿತ್ತೇನೇ?